ಶಂಕ್ರೆಪ್ಪ ಬರತಾನ

ಮುಂಬೈಯ ಆಂಟಾಪ್ ಹಿಲ್‌ನ ನಮ್ಮ ಬಿಲ್ಡಿಂಗಿನಲ್ಲಿ ನನ್ನ ಎದುರು ಬಾಗಿಲಿನವಳು ಶೈಲಾ. ಜೋಳದ ರೊಟ್ಟಿ ಬಡಿದು ಮಾರುವುದು ಅವಳ ಕೆಲಸ. ಅವಳ ಗಂಡ ಕಾಶಪ್ಪ ವಡಾಲದ ಒಂದು ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿದ್ದಾನೆ, ಮಗಳು ಮಾಧುರಿ ಕಾಲೇಜಿಗೆ ಹೋಗುತ್ತಾಳೆ. ಬೆಳಿಗ್ಗೆ ನಾನು ಕಾಫಿಗೆ ನೀರಿಡುವ ಹೊತ್ತಿಗೆ ಎದುರು ಮನೆಯಿಂದ ಪಟಪಟ ಸದ್ದು ಶುರುವಾಗುತ್ತದೆ. ಉಡುಪಿ ಕಡೆಯವಳಾದ ನನಗೆ ಆ ರೊಟ್ಟಿ ಗಂಟಲಲ್ಲಿ ಇಳಿಯುವುದಿಲ್ಲ, ಅವಳಿಗೆ ನಮ್ಮ ಕುಚ್ಚಲಕ್ಕಿ ಅನ್ನ ಕಂಡರಾಗುವುದಿಲ್ಲ. ಆದರೂ ಇಷ್ಟು ವರ್ಷಗಳಲ್ಲಿ ಅವಳ ಪಾತ್ರೆ ನನ್ನ ಮನೆಯಲ್ಲಿ, ನನ್ನದು ಅವಳ ಮನೆಯಲ್ಲಿ ಉಳಿದು, ಯಾವುದು ಯಾರದೆಂದು ಈಗ ಇಬ್ಬರಿಗೂ ಗೊತ್ತಿಲ್ಲ.

ಇಷ್ಟು ಹತ್ತಿರವಿದ್ದೂ ನನಗೆ ಅವಳ ಮೇಲೆ ಒಂದು ಸಿಟ್ಟಿತ್ತು. ಜಂಭದವಳು ಅಂದುಕೊಂಡಿದ್ದೆ. ಕನ್ನಡ ಸಂಘದ ಅರಿಶಿನ ಕುಂಕುಮಕ್ಕೆ ಕರೆದರೆ ತಲೆನೋವು ಅನ್ನುತ್ತಿದ್ದಳು. ಮದುವೆ ಮನೆಯಲ್ಲಿ ಫೋಟೋ ತೆಗೆಯುವವನು ಈ ಕಡೆ ತಿರುಗಿದರೆ ಸೆರಗು ಮುಖಕ್ಕೆ ಬರುತ್ತಿತ್ತು. ಕೆಳಗೆ ರಸ್ತೆಯಲ್ಲಿ ಧೋತರ ಉಟ್ಟು ಬಿಳಿ ಟೋಪಿ ಹಾಕಿದ ಯಾರಾದರೂ ಕಂಡರೆ ಸಾಕು, ಅವಳ ಕಿಟಕಿ ಮುಚ್ಚಿಕೊಳ್ಳುತ್ತಿತ್ತು. ಸೊಲ್ಲಾಪುರದವರು ಎಂದು ಹೇಳಿಕೊಳ್ಳುತ್ತಿದ್ದರು, ಆದರೆ ಸೊಲ್ಲಾಪುರದಿಂದ ಒಂದು ನೊಣವೂ ಅವರ ಮನೆಗೆ ಬಂದದ್ದನ್ನು ನಾನು ಕಂಡಿಲ್ಲ. ದೊಡ್ಡ ಮನೆತನದವಳಿರಬೇಕು, ನಮ್ಮಂಥ ಹೋಟೆಲಿನವರ ಜೊತೆ ಬೆರೆಯಲು ಮನಸ್ಸಿಲ್ಲ ಎಂದು ನನ್ನ ಗಂಡ ಧರ್ಮಣ್ಣನ ಹತ್ತಿರ ಆಡಿಕೊಂಡಿದ್ದೂ ಉಂಟು. ಅವರು ಪೇಪರಿನಿಂದ ತಲೆ ಎತ್ತಲಿಲ್ಲ.

ಅವಳು ಹಾಡುತ್ತಾಳೆ ಎಂದು ನಮಗೆ ಗೊತ್ತಾದದ್ದು ನನ್ನ ಅಕ್ಕನ ಮಗ ಹಿತೇಶನಿಂದ. ಇವನು ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಗಾಲಾ, ಅಂದರೆ ಶೆಡ್ಡಿನಂಥ ಕೋಣೆ, ಹಿಡಿದು, ಗೋಡೆಗೆಲ್ಲ ಸ್ಪಂಜು ಹೊಡೆಸಿ, ಅದಕ್ಕೆ ಸ್ಟುಡಿಯೋ ಅನ್ನುತ್ತಾನೆ. ಪಕ್ಕದ ಗಾಲಾದಲ್ಲಿ ಪ್ಲಾಸ್ಟಿಕ್ ಬಕೆಟ್ ತಯಾರಾಗುತ್ತದೆ, ಇವನ ಗಾಲಾದಲ್ಲಿ ಸಂಗೀತ. ಹಳೆಯ ಜನಪದ ಹಾಡು ಹಿಡಿದು, ಅದಕ್ಕೆ ಡಬಡಬ ಬಡಿತ ಸೇರಿಸಿ, ಇಳಕಲ್ ಸೀರೆಗೆ ಕಪ್ಪು ಕನ್ನಡಕ ಹಾಕಿದ ಹುಡುಗಿಯರನ್ನು ಟೆರೇಸಿನ ಮೇಲೆ ಕುಣಿಸಿ ವಿಡಿಯೋ ಮಾಡುವುದು ಅವನ ಉದ್ಯೋಗ. ಮೊದಲು ತುಳು ಹಾಡೊಂದನ್ನು ಹಾಗೆ ಮಾಡಿದ್ದ. ನನ್ನ ಅತ್ತೆ ಬದುಕಿದ್ದರೆ ಅವನಿಗೆ ಹಿಡಿಸೂಡಿಯಲ್ಲಿ ಬಾರಿಸುತ್ತಿದ್ದರು. ಆದರೆ ಇಂಗ್ಲಿಷ್ ಶಾಲೆಯ ಮಕ್ಕಳು ಆ ಹಾಡಿನಿಂದಲೇ ನಾಲ್ಕು ತುಳು ಮಾತು ಕಲಿತದ್ದನ್ನು ನೋಡಿ ನಾನು ಬಾಯಿ ಮುಚ್ಚಿಕೊಂಡೆ.

ಒಂದು ಭಾನುವಾರ ಅವನು ನಮ್ಮಲ್ಲಿ ಊಟಕ್ಕೆ ಬಂದಿದ್ದ. ಎದುರು ಮನೆಯ ಬಾಗಿಲು ಅರ್ಧ ತೆರೆದಿತ್ತು. ಶೈಲಾ ರೊಟ್ಟಿ ಬಡಿಯುತ್ತ, ಬಡಿತಕ್ಕೆ ಸರಿಯಾಗಿ ಏನೋ ಗುನುಗುತ್ತಿದ್ದಳು. ಹಿತೇಶ ಅನ್ನದ ಕೈಯಲ್ಲೇ ಎದ್ದು ಹೋಗಿ ಅವಳ ಬಾಗಿಲಲ್ಲಿ ನಿಂತ. ಅವಳು ಅವನನ್ನು ನೋಡಿದ್ದೇ ಬಾಯಿ ಮುಚ್ಚಿದಳು.

ಆಮೇಲೆ ಮಾಧುರಿ ಮತ್ತು ಹಿತೇಶ ಸೇರಿ ಅವಳನ್ನು ಬಿಡಲಿಲ್ಲ. ಅವಳು ಆಗದು ಅಂದಷ್ಟೂ ಇವರ ಹಟ ಬೆಳೆಯಿತು. ಕೊನೆಗೆ ಹಿತೇಶ ಮಾತು ಕೊಟ್ಟ: ಧ್ವನಿ ಮಾತ್ರ ಸಾಕು, ಮುಖ ಬೇಡ, ಹೆಸರು ಬೇಡ, ಹಾಡಿದವರ ಜಾಗದಲ್ಲಿ ಜನಪದ ಎಂದಷ್ಟೇ ಬರುತ್ತದೆ. ಮುಖವೂ ಹೆಸರೂ ಇಲ್ಲ ಅಂದ ಮೇಲೆ ಅವಳು ಒಪ್ಪಿದಳು. ಮನಸ್ಸಿನಲ್ಲಿ ಅವಳಿಗೂ ಆಸೆಯಿತ್ತು, ಅದು ನನಗೆ ಕಾಣುತ್ತಿತ್ತು. ಕಾಶಪ್ಪನಿಗೆ ಮಾತ್ರ ಹೇಳಬೇಡಿ ಎಂದಳು.

ಜೊತೆಗೆ ನಾನೂ ಕಾಂದಿವಲಿಗೆ ಹೋದೆ. ಲೋಕಲ್‌ನಲ್ಲಿ ಅವಳು ದಾರಿಯುದ್ದಕ್ಕೂ ಸೆರಗು ಹೊದ್ದು ಕೂತಿದ್ದಳು. ಗಾಲಾದೊಳಗೆ ಮೈಕಿನ ಮುಂದೆ ನಿಲ್ಲಿಸಿದರೆ ಧ್ವನಿಯೇ ಹೊರಡಲಿಲ್ಲ. ಆಮೇಲೆ ಹಿತೇಶ ಒಂದು ಮಣೆ ತರಿಸಿ ಅವಳ ಮುಂದಿಟ್ಟ. ಅದರ ಮೇಲೆ ಖಾಲಿ ಕೈಯಲ್ಲಿ ರೊಟ್ಟಿ ಬಡಿದಂತೆ ಬಡಿಯುತ್ತ ಅವಳು ಕಣ್ಣು ಮುಚ್ಚಿ ಹಾಡಿದಳು. ಅದು ಹೆಂಗಸರು ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದ. ಪಂಚಮಿ ಹಬ್ಬಕ್ಕೆ ಅಣ್ಣ ಬಂದು ತವರಿಗೆ ಕರೆದೊಯ್ಯಲಿ ಎಂದು ತಂಗಿ ದಾರಿ ಕಾಯುವುದು.

ಎಳ್ಳಿಹಾಳದ ದಾರ್ಯಾಗ ಎಳಬಿಸಿಲು ಬಿದ್ದೈತಿ
ಬಿಳಿಯೆತ್ತಿನ ಗಾಡ್ಯಾಗ ಶಂಕ್ರೆಪ್ಪ ಬರತಾನ
ತಂಗೀನ ತವರಿಗಿ ಕರಿಲಾಕ

ನಮ್ಮ ಕಡೆಯ ಪದವಲ್ಲದಿದ್ದರೂ ನನಗೆ ಕಣ್ಣು ತುಂಬಿತು. ಎಳ್ಳಿಹಾಳ ಯಾವುದು, ಶಂಕ್ರೆಪ್ಪ ಯಾರು ಎಂದು ಕೇಳಬೇಕೆಂದು ನನಗೆ ಅನ್ನಿಸಲಿಲ್ಲ. ಹಾಡಿನಲ್ಲಿ ಬರುವ ಊರು, ಹಾಡಿನಲ್ಲಿ ಬರುವ ಅಣ್ಣ, ಅಷ್ಟೇ ಅಂದುಕೊಂಡೆ.

ಪಂಚಮಿಗೆ ಸರಿಯಾಗಿ ಹಿತೇಶ ವಿಡಿಯೋ ಹೊರಗೆ ಬಿಟ್ಟ. ಅವನ ಕೈಯಲ್ಲಿ ಆ ಹಾಡು ಏನಾಯಿತು ಅಂದರೆ, ತಂಗಿ ದಾರಿ ಕಾಯುವ ದುಃಖವೆಲ್ಲ ಹಿಂದೆ ಹೋಗಿ, 'ಶಂಕ್ರೆಪ್ಪ ಬರತಾನ' ಎಂಬ ಎರಡೇ ಮಾತು ಮುಂದೆ ಬಂದು ನಿಂತವು. ಅದು ಬರುವ ಮೊದಲು ಸಂಗೀತ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ಅವಳ ಧ್ವನಿ ಒಂದೇ ಕೇಳುತ್ತದೆ, ಅದರ ಬೆನ್ನಿಗೆ ಡೋಲು. ಹುಡುಗರಿಗೆ ಹುಚ್ಚು ಹಿಡಿಯಲು ಅಷ್ಟು ಸಾಕು. ವಾರ ಕಳೆಯುವುದರೊಳಗೆ ನಮ್ಮ ಓಣಿಯ ತಮಿಳು ಹುಡುಗರು, ದಹಿಸರ್‌ನ ಗುಜರಾತಿ ಅಂಗಡಿಯವರ ಮಕ್ಕಳು, ಒಂದಕ್ಷರ ಕನ್ನಡ ಬಾರದವರೆಲ್ಲ ಅದಕ್ಕೆ ಕುಣಿದು ಮೊಬೈಲಿಗೆ ಹಾಕಿದರು. ಗಣಪತಿ ಮೆರವಣಿಗೆಯಲ್ಲಿ ಲಾರಿಯ ಮೇಲಿನ ದೊಡ್ಡ ಸ್ಪೀಕರಿನಿಂದ ಅದೇ ಹಾಡು. ಲೋಕಲ್‌ನಲ್ಲಿ ಟಿಕೆಟ್ ನೋಡುವವನು ಹತ್ತಿದರೆ ಕಾಲೇಜು ಹುಡುಗರು 'ಶಂಕ್ರೆಪ್ಪ ಆಯಾ' ಎಂದು ಕೂಗುತ್ತಿದ್ದರು. ಧರ್ಮಣ್ಣ ಕೆಲಸ ಮಾಡುವ ಹೋಟೆಲಿನಲ್ಲಿ ಮಾಲೀಕರು ಮೆಟ್ಟಿಲು ಹತ್ತುವುದು ಕಂಡರೆ ವೇಟರುಗಳು ಒಬ್ಬರಿಗೊಬ್ಬರು ಹೇಳುತ್ತಿದ್ದದ್ದೂ ಅದೇ. ಇಡೀ ಮುಂಬೈಗೆ ಯಾರೋ ಬರುತ್ತಿದ್ದಾನೆ ಎಂಬುದೊಂದು ತಮಾಷೆಯ ಮಾತಾಗಿಬಿಟ್ಟಿತು.

ಶೈಲಾ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಜ್ವರ ಬಂದಿದೆ ಅಂದರು. ನಾನು ಗಂಜಿ ಮಾಡಿಕೊಂಡು ಹೋದರೆ ಅವಳು ಅಡುಗೆಮನೆಯ ಮೂಲೆಯಲ್ಲಿ, ಬೆನ್ನು ಗೋಡೆಗೆ ಒತ್ತಿ ಬಾಗಿಲನ್ನೇ ನೋಡುತ್ತ ಕೂತಿದ್ದಳು. ಕೆಳಗೆ ಯಾವುದೋ ಮಗು ಆ ಹಾಡು ಕಿರುಚುತ್ತಿತ್ತು. ಅವಳ ಕೈ ಹಿಡಿದೆ. ಜ್ವರ ಇರಲಿಲ್ಲ, ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಎಂತ ಆಯ್ತು ಮಾರಾಯ್ತಿ? ಹಾಡು ಇಷ್ಟು ಹೆಸರು ಮಾಡಿದೆ, ನೀನು ಹೀಗೆ ಕೂತರೆ?" ಎಂದು ಕೇಳಿದೆ.

ಅವಳು ನನ್ನ ಮುಖ ನೋಡಿದಳು. "ಶೀಲಕ್ಕಾ, ಆ ಶಂಕ್ರೆಪ್ಪ ನನ್ನ ಅಣ್ಣ. ಅಂವ ಬಂದ್ರ ನನ್ನ ಕರಿಲಾಕ ಬರಂಗಿಲ್ಲ, ಕೊಲ್ಲಾಕ ಬರ್ತಾನ," ಎಂದಳು.

ಆವತ್ತು ಅವಳು ಹೇಳಿದ್ದು ಕೇಳಿ ನನ್ನ ಸಿಟ್ಟು ಎಲ್ಲಿ ಹೋಯಿತೋ. ಅವಳ ಹೆಸರು ಶೈಲಾ ಅಲ್ಲ, ಚಂದ್ರವ್ವ. ಸೊಲ್ಲಾಪುರವಲ್ಲ, ವಿಜಯಪುರ ಜಿಲ್ಲೆಯ ಎಳ್ಳಿಹಾಳ. ಕಾಶಪ್ಪ ಆ ಊರಿಗೆ ಹಿಟ್ಟಿನ ಗಿರಣಿ ನಡೆಸಲು ಬಂದವನು, ಬೇರೆ ಜಾತಿಯವನು. ಬೀಸುವ ಕಲ್ಲಿನ ಪದ ಊರಿಗೆಲ್ಲ ಹೇಳಿಕೊಡುತ್ತಿದ್ದ ಮನೆಯ ಹುಡುಗಿ ಗಿರಣಿಯವನ ಹಿಂದೆ ಹೋದಳು ಎಂದು ಬೇರೆ ಹೊತ್ತಿನಲ್ಲಾದರೆ ನಾನು ಅವಳನ್ನು ಚುಡಾಯಿಸುತ್ತಿದ್ದೆ. ಆದರೆ ಅವಳ ದೊಡ್ಡಪ್ಪನ ಮಗಳೊಬ್ಬಳು ಹೀಗೇ ಒಬ್ಬನ ಜೊತೆ ಮಾತಾಡಿದ್ದಕ್ಕೆ ಹೊಲದ ಬಾವಿಯಲ್ಲಿ ತೇಲಿದ್ದಳು. ಅದರ ಮರುದಿನ ಶಂಕ್ರೆಪ್ಪ ಊಟಕ್ಕೆ ಕೂತಾಗ ತಂಗಿಯ ಮುಖ ನೋಡಿ, ನಮ್ಮ ಮನೆಯಲ್ಲಿ ಬಾವಿ ಹುಡುಕುವ ಕೆಲಸವಿಲ್ಲ, ನನ್ನ ಕೈ ಸಾಕು, ಅಂದಿದ್ದನಂತೆ. ಆ ವಾರವೇ ಇವರಿಬ್ಬರೂ ಓಡಿಬಂದದ್ದು. ಅಂದಿನಿಂದ ಅವಳು ತಾಯಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ನಾನು ಜಂಭ ಅಂದುಕೊಂಡದ್ದೆಲ್ಲ ಹೆದರಿಕೆಯಾಗಿತ್ತು.

ಹಾಗಾದರೆ ಆ ಹೆಸರನ್ನೇ ಯಾಕೆ ಹಾಡಿದೆ, ಬೇರೊಂದು ಹೆಸರು ಹಾಕಬಾರದಿತ್ತಾ ಎಂದು ಗದರಿದೆ. ನನಗೆ ನಿಜವಾಗಿ ಸಿಟ್ಟು ಬಂದಿತ್ತು. ಅವಳು ಹೇಳಿದ್ದು ಇದು: ಆ ಪದದಲ್ಲಿ ಕಲ್ಲಿನ ಮುಂದೆ ಕೂತವಳು ಅವಳವಳ ತವರಿನ ಹೆಸರು, ಅವಳವಳ ಅಣ್ಣನ ಹೆಸರು ಹಾಕಬೇಕು. ಒಡಹುಟ್ಟಿದವನ ಹೆಸರು ಬಿಟ್ಟು ಹಾಡಿದರೆ ಅಥವಾ ಅವನ ಜಾಗದಲ್ಲಿ ಬೇರೆಯವನನ್ನು ಕೂರಿಸಿದರೆ ಅವನ ಆಯುಷ್ಯಕ್ಕೆ ಕುತ್ತು ಎಂದು ತಾಯಿ ಕಲಿಸಿದ್ದಳು. ಮೈಕಿನ ಮುಂದೆ ಹೆಸರು ಬರುವ ಜಾಗಕ್ಕೆ ಬಂದಾಗ ಬಿಡೋಣ ಎಂದುಕೊಂಡಳಂತೆ. ಆದರೆ ನಾಲಿಗೆ ಒಪ್ಪಲಿಲ್ಲ.

ತನ್ನನ್ನು ಕೊಲ್ಲಲು ಹುಡುಕುತ್ತಿದ್ದಾನೆ ಎಂದು ನಂಬಿದವನ ಆಯುಷ್ಯ ಉಳಿಸಲು ಅವನ ಹೆಸರು ಹಾಡಿದವಳಿಗೆ ನಾನು ಏನು ಹೇಳಲಿ.

ಓಣಿಯಲ್ಲಿ ಆ ಹೆಸರು ಕೇಳಿದಾಗಿನಿಂದ ಅನುಮಾನದಲ್ಲಿದ್ದ ಕಾಶಪ್ಪನಿಗೆ ಸಂಜೆ ಎಲ್ಲ ಗೊತ್ತಾಯಿತು. ಅವನು ಕೂಗಾಡಲಿಲ್ಲ. ಬಾಗಿಲಿಗೆ ಒಳಗಿನಿಂದ ಇನ್ನೊಂದು ಚಿಲಕ ಹೊಡೆಸಿದ. ನಾನು ಹಿತೇಶನಿಗೆ ಫೋನ್ ಮಾಡಿ ವಿಡಿಯೋ ತೆಗೆ ಎಂದೆ. ಕಾರಣ ಕೇಳಿದ ಮೇಲೆ ಅವನ ಧ್ವನಿ ಅಡಗಿತು, ಆ ಕ್ಷಣವೇ ತೆಗೆದ. ಆದರೆ ಅದು ಆಗಲೇ ಸಾವಿರ ಕಡೆ ಹರಿದುಹೋಗಿತ್ತು. ಚಿಕ್ಕಮ್ಮ, ಅದು ಈಗ ನನ್ನ ಕೈಯಲ್ಲಿಲ್ಲ ಎಂದು ಅವನು ಅತ್ತದ್ದನ್ನು ಮೊದಲ ಸಲ ಕೇಳಿದೆ. ಬೇರೆಯವರು ಹಾಕಿಕೊಂಡ ವಿಡಿಯೋಗಳ ಕೆಳಗೆ ಜನ ಬರೆಯುತ್ತಿದ್ದದ್ದನ್ನು ಮಾಧುರಿ ಓದಿ ಹೇಳಿದಳು. ತವರು ನೆನಪಾಗಿ ಅತ್ತೆವು ಅಂದವರಿದ್ದರು, ನಮ್ಮ ಅಜ್ಜಿಯ ಪದವನ್ನು ಹಾಳು ಮಾಡಿದಿರಿ ಎಂದು ಬೈದವರಿದ್ದರು. ನಡುವೆ ಒಬ್ಬ, ಇದು ನಮ್ಮ ಪಕ್ಕದ ಊರು, ಈ ಶಂಕ್ರೆಪ್ಪನನ್ನು ನಾನು ಬಲ್ಲೆ, ಎಂದು ಬರೆದಿದ್ದ.

ಇದಕ್ಕಿಂತ ದೊಡ್ಡ ಅನಾಹುತ ಆಗಲೇ ನಡೆದುಹೋಗಿತ್ತು. ಮಾಧುರಿಗೆ ತಾಯಿಯ ಕಥೆ ಯಾರೂ ಹೇಳಿರಲಿಲ್ಲ. ಹಾಡು ಹೆಸರು ಮಾಡಿದ ಖುಷಿಯಲ್ಲಿ ಅವಳು ತಾಯಿ ರೊಟ್ಟಿ ಬಡಿಯುವ ಎರಡು ಕೈಗಳನ್ನಷ್ಟೇ ಮೊಬೈಲಿನಲ್ಲಿ ತೆಗೆದು, ಹಾಡಿದ್ದು ನನ್ನ ಮಮ್ಮಿ, ಆಂಟಾಪ್ ಹಿಲ್, ಎಂದು ಬರೆದು ಹಾಕಿದ್ದಳು. ಮುಖ ತೋರಿಸಿರಲಿಲ್ಲ, ಕೊಟ್ಟ ಮಾತು ಉಳಿಸಿದ್ದೇನೆ ಎಂದೇ ಅವಳ ನಂಬಿಕೆ. ಆಂಟಾಪ್ ಹಿಲ್‌ನಲ್ಲಿ ಜೋಳದ ರೊಟ್ಟಿ ಮಾರುವವರನ್ನು ಹುಡುಕಲು ಪೊಲೀಸರು ಬೇಕಿಲ್ಲ. ಆ ಮಗುವಿಗೆ ಬೈಯಲು ನನಗೆ ಬಾಯಿ ಬರಲಿಲ್ಲ. ಅವಳಿಗೆ ಆಗಲೂ ಪೂರ್ತಿ ವಿಷಯ ಹೇಳಲಿಲ್ಲ, ಊರಿನವರ ಜೊತೆ ಜಗಳವಿದೆ ಎಂದಷ್ಟೇ ಕಾಶಪ್ಪ ಹೇಳಿದ.

ಆಮೇಲಿನ ದಿನಗಳು ಹೇಗೆ ಕಳೆದವೋ. ಧರ್ಮಣ್ಣ ಪೊಲೀಸರಿಗೆ ಹೇಳೋಣ ಅಂದರು, ಹೇಳಿದರೆ ಊರಿಗೆ ಫೋನ್ ಹೋಗುತ್ತದೆ ಎಂದು ಕಾಶಪ್ಪ ಬೇಡವೆಂದ. ಹಾಲಿನವನಿಗೂ ಕೊರಿಯರಿನವನಿಗೂ ನಾನು ಬಾಗಿಲಿನ ಸಂದಿಯಿಂದಲೇ ಉತ್ತರಿಸುತ್ತಿದ್ದೆ. ರೊಟ್ಟಿ ಕೊಳ್ಳುವ ಮೆಸ್ಸಿನವರು ಒತ್ತಾಯ ಮಾಡಿದ್ದರಿಂದ ಶೈಲಾ ಮತ್ತೆ ರೊಟ್ಟಿ ಶುರು ಮಾಡಿದಳು, ಆದರೆ ಒಬ್ಬಳೇ ಇರಲಾರೆ ಅಂದಳು. ಕಾಶಪ್ಪ, ಮಾಧುರಿ ಹೊರಗೆ ಹೋದ ಮೇಲೆ ನಾನು ನನ್ನ ತರಕಾರಿ ಬುಟ್ಟಿ ಹಿಡಿದುಕೊಂಡು ಅವಳ ಅಡುಗೆಮನೆಯಲ್ಲಿ ಹೋಗಿ ಕೂರುತ್ತಿದ್ದೆ. ಬಡಿತ ಇತ್ತು, ಗುನುಗು ಇರಲಿಲ್ಲ. ಕೆಳಗೆ ಹುಡುಗರು 'ಶಂಕ್ರೆಪ್ಪ ಬರತಾನ' ಎಂದು ಕೂಗಿದಾಗಲೆಲ್ಲ ಅವಳ ಕೈ ಹಿಟ್ಟಿನ ಮೇಲೆ ನಿಂತುಬಿಡುತ್ತಿತ್ತು.

ದಸರೆಗೆ ಮುಂಚಿನ ಒಂದು ಮಧ್ಯಾಹ್ನ ಬಾಗಿಲು ಬಡಿದರು. ಬೆಲ್ ಇದ್ದೂ ಬಡಿದರು. ಶೈಲಾ ನನ್ನ ತೋಳು ಹಿಡಿದುಕೊಂಡಳು, ಉಗುರು ನಾಟಿದವು. ನಾನು ಹೋಗಿ ಸಂದಿಯಿಂದ ನೋಡಿದೆ. ಧೋತರ, ಬಿಳಿ ಟೋಪಿ, ಬಿಳಿ ಮೀಸೆಯ ಒಬ್ಬ ಮುದುಕ ಗೋಡೆಗೆ ಕೈ ಊರಿ ಮೆಟ್ಟಿಲು ಹತ್ತಿದ ಏದುಸಿರು ಬಿಡುತ್ತಿದ್ದ.

ಯಾರು, ಎಂತ ಬೇಕಿತ್ತು ಎಂದು ಕೇಳಿದೆ. ಅವನು ನನಗೆ ಉತ್ತರ ಕೊಡದೆ ಒಳಗಿನ ಕತ್ತಲೆಗೆ ಕರೆದ. "ಚಂದ್ರೀ," ಎಂದ.

ನನ್ನ ಹಿಂದೆ ಅವಳು ಬಂದು ನಿಂತಿದ್ದಳು. ಚಿಲಕ ತೆಗೆಯಬೇಡ ಎಂದು ನಾನು ತಲೆ ಆಡಿಸಿದೆ. ಅವಳು ಎರಡೂ ಚಿಲಕ ತೆಗೆದಳು. ಆ ಕೂಗಿಗೆ ಅವಳ ಕೈ ತಾನಾಗಿಯೇ ಹೋಯಿತು ಎಂದು ನನಗೆ ಈಗಲೂ ಅನ್ನಿಸುತ್ತದೆ. ನಾನು ಒಲೆಯ ಪಕ್ಕದ ಇಕ್ಕಳ ಹಿಡಿದು ಇಬ್ಬರ ನಡುವೆ ನಿಂತೆ. ಅದರಲ್ಲಿ ಏನು ಮಾಡುತ್ತಿದ್ದೆನೋ ದೇವರಿಗೇ ಗೊತ್ತು.

ಅವನು ಇಕ್ಕಳ ನೋಡಿ, "ನಾ ಹೊಡಿಲಾಕ ಬಂದಿಲ್ಲವ್ವಾ. ಅದರ ವಯಸ್ಸು ಹೋತು," ಎಂದು ನೆಲದ ಮೇಲೆ ಕೂತ. ಶೈಲಾ ನೀರು ತಂದಿಟ್ಟಳು. ಅವನು ಆ ಚೊಂಬನ್ನು ಕೊನೆಯವರೆಗೂ ಮುಟ್ಟಲಿಲ್ಲ. ಅವರ ಕಡೆ ಅದರ ಅರ್ಥ ಸಂಬಂಧ ಕಡಿದದ್ದು ಕಡಿದದ್ದೇ ಎಂದು ಅವಳ ಮುಖ ನೋಡಿಯೇ ನನಗೆ ತಿಳಿಯಿತು.

ಅವನು ಹೇಳಿದ್ದನ್ನು ಇಲ್ಲಿ ಹೇಳಲು ನನಗೆ ಇಂದಿಗೂ ಮೈ ಉರಿಯುತ್ತದೆ. ತಂಗಿ ಓಡಿಹೋದ ಮೇಲೆ ಅವನು ಸ್ವಲ್ಪ ದಿನ ಹುಡುಕಿದನಂತೆ. ಸಿಗಲಿಲ್ಲ. ಮನೆಯ ಮಾನ ಉಳಿಸಲು, ಚಂದ್ರವ್ವ ಮುಂಬೈಯಲ್ಲಿ ಕಾಯಿಲೆಯಾಗಿ ಸತ್ತಳು, ಅಲ್ಲೇ ಮಣ್ಣು ಮಾಡಿ ಬಂದೆ, ಎಂದು ಊರಿಗೆ ಹೇಳಿದ. ನಂಬಿಸಲು ದಿನ ಮಾಡಿದ, ಊರನ್ನೆಲ್ಲ ಕರೆದು ಊಟ ಹಾಕಿದ. ಇವಳು ಇಲ್ಲಿ ಕಿಟಕಿ ಮುಚ್ಚಿಕೊಂಡು ಹೆದರುತ್ತಿದ್ದ ವರ್ಷಗಳಲ್ಲಿ ಅವಳನ್ನು ಹುಡುಕುವವರೇ ಇರಲಿಲ್ಲ. ಸತ್ತವಳನ್ನು ಯಾರು ಹುಡುಕುತ್ತಾರೆ? ಈಗ ಆ ಹಾಡು ಎಳ್ಳಿಹಾಳದ ಮದುವೆ ಮೆರವಣಿಗೆಗಳಲ್ಲೂ ಮೊಳಗುತ್ತಿದೆ. ಆ ಧ್ವನಿ ಊರಿನ ಹೆಂಗಸರಿಗೆ ಗೊತ್ತು. ಹುಡುಗರು ಅವನನ್ನು ಕಂಡಲ್ಲೆಲ್ಲ ಅದೇ ಸಾಲು ಕೂಗುತ್ತಾರೆ, ಸತ್ತ ತಂಗಿ ಕರೆಯುತ್ತಿದ್ದಾಳೆ, ಹೋಗು ಎನ್ನುತ್ತಾರೆ.

"ನನ್ನ ಮಕ್ಕಳು ಸುಮ್ಮನ ಕುಂದ್ರೂ ಪೈಕಿ ಅಲ್ಲ," ಎಂದ ಅವನು. "ಮನಿ ಮರ್ಯಾದಿ ಹೋತಂತ ಕುದಿಲಾಕತ್ತಾರ. ನಾ ಇರೂತನಕ ಅವರ್ನ ಹಿಡದಿಡ್ತೀನಿ. ಕ್ಯಾಮೆರಾದ ಮುಂದ ನಿಂತು ಹೇಳಿಬಿಡು. ನಾ ಶೈಲಾ, ಸೊಲ್ಲಾಪುರದಾಕಿ, ಎಳ್ಳಿಹಾಳ ನಂಗ ಗೊತ್ತಿಲ್ಲ ಅಂತ. ಪದದಾಗಿನ ನನ್ನ ಹೆಸರೂ ತಗಿ. ಅಷ್ಟಾದ್ರ ಯಾರೂ ಈ ಕಡಿ ಬರಂಗಿಲ್ಲ."

"ಹೆಸರು ತಗದ್ರ ನಿನಗ ಛಲೋ ಅಲ್ಲ ಅಣ್ಣಾ," ಎಂದಳು ಅವಳು. ಧ್ವನಿ ಚಿಕ್ಕ ಹುಡುಗಿಯದಾಗಿತ್ತು.

ಅವನು ನೆಲ ನೋಡಿದ. "ಅವ್ವನೂ ಹಂಗ ಅಂತಿದ್ಲು," ಎಂದ.

ಅಲ್ಲಿಯವರೆಗೆ ಅವಳು ತಾಯಿಯ ಸುದ್ದಿ ಕೇಳಿರಲಿಲ್ಲ. ಕೇಳಲು ಧೈರ್ಯವಿರಲಿಲ್ಲ. ಈಗ ಕೇಳಿದಳು. ತಾಯಿ ಹೋಗಿ ಆರು ವರ್ಷವಾಯಿತು ಎಂದ. ಆರು ವರ್ಷದ ಕೆಳಗೆ ಮಾಧುರಿ ಹೈಸ್ಕೂಲಿನಲ್ಲಿದ್ದಳು. ಅಂದರೆ ಇವಳು ಇಲ್ಲಿ ಹೆತ್ತು, ಬೆಳೆಸಿ, ರೊಟ್ಟಿ ಬಡಿದು ಬದುಕುತ್ತಿದ್ದಾಗ ಎಷ್ಟೋ ವರ್ಷ ಆ ಮುದುಕಿ ಅಲ್ಲಿ ಬದುಕಿಯೇ ಇದ್ದಳು.

"ಅವ್ವಗರ ಖರೇ ಹೇಳಿದ್ರೇನು?"

"ಇಲ್ಲ. ಆಕಿಗೂ ಸತ್ಲು ಅಂತನ ಹೇಳಿದ್ವಿ. ಬಾಯಿ ನಿಲ್ಲತಿರಲಿಲ್ಲ ಆಕಿದು."

"ನಂಬಿದ್ಲಾ?"

"ನಂಬಿದ್ಲು," ಎಂದ. ಆಮೇಲೆ ಗೋಡೆ ಹಿಡಿದು ಎದ್ದು, ಟೋಪಿ ಸರಿ ಮಾಡಿಕೊಂಡು, ಹೇಳಿದ್ದು ನೆನಪಿರಲಿ ಎಂದು ಹೋದ. ಅವನ ಹೆಜ್ಜೆ ಕೆಳಗಿಳಿಯುವುದು ಕೇಳಿಸುತ್ತಿದ್ದರೂ ಇಕ್ಕಳ ಹಿಡಿದ ನನ್ನ ಮುಷ್ಟಿ ಸಡಿಲವಾಗಲಿಲ್ಲ.

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಮಾಡಲು ಗೊತ್ತಿತ್ತು. ಪರಾತದಲ್ಲಿ ಹಿಟ್ಟು ಒಣಗಿ ಬಿರಿಯುತ್ತಿತ್ತು, ಅವಳು ಅದನ್ನೇ ನೋಡುತ್ತ ಕೂತಿದ್ದಳು.

ಸಂಜೆ ನಮ್ಮೆಲ್ಲರ ಪಂಚಾಯಿತಿ. ಕಾಶಪ್ಪ ಬಟ್ಟೆ ತುಂಬಲು ಶುರು ಮಾಡಿದ್ದ. ದಹಿಸರ್‌ನಲ್ಲಿ ಅವನ ಜೊತೆ ಕೆಲಸ ಮಾಡುವವನ ಮನೆಯಿದೆ, ಸದ್ಯಕ್ಕೆ ಅಲ್ಲಿಗೆ, ಆಮೇಲೆ ಇನ್ನೆಲ್ಲಿಗಾದರೂ ಹೋಗೋಣ ಎಂದ. ಧರ್ಮಣ್ಣ, ಎಷ್ಟು ಕಡೆ ಓಡುತ್ತೀರಿ, ಅವನು ಹೇಳಿದ ಎರಡು ಮಾತು ಹೇಳಿ ಮುಗಿಸಿ ಅಂದರು. ನಾನೂ ಅದನ್ನೇ ಹೇಳಿದೆ. ಮುಚ್ಚಿಟ್ಟುಕೊಂಡು ಹೇಳುವುದೇನು, ನನಗೆ ಹೆದರಿಕೆಯಾಗಿತ್ತು. ಎರಡು ಸುಳ್ಳಿನಿಂದ ಆ ಮುದುಕನ ಮಕ್ಕಳು ಈ ಮೆಟ್ಟಿಲು ಹತ್ತುವುದು ತಪ್ಪುವುದಾದರೆ ಇನ್ನೂರು ಸುಳ್ಳು ಹೇಳಲು ನಾನು ತಯಾರಿದ್ದೆ. ಮಾಧುರಿ ಮಾತ್ರ ಒಂದು ಮೂಲೆಯಲ್ಲಿ ನಿಂತು, ಮೊದಲ ಸಲ ಎಲ್ಲವನ್ನೂ ಕೇಳಿಸಿಕೊಂಡು, ತಾಯಿಯನ್ನೇ ನೋಡುತ್ತಿದ್ದಳು.

"ಮಮ್ಮಿ, ಮತಲಬ್ ನಿಂದು ಹೆಸರು ಚಂದ್ರವ್ವ ಐತಿ? ನಂಗೆ ಹೇಳಲೇ ಇಲ್ಲ ನೀನು," ಎಂದಳು.

ಮರುದಿನ ಬೆಳಿಗ್ಗೆ ಹಿತೇಶ ಕ್ಯಾಮೆರಾ ಹಿಡಿದುಕೊಂಡು ಬಂದ. ಹೇಳಬೇಕಾದ ಮಾತನ್ನು ನಾನೇ ಅವಳಿಗೆ ಬಾಯಿಪಾಠ ಮಾಡಿಸಿದ್ದೆ: ನಾನು ಶೈಲಾ, ನಮ್ಮೂರು ಸೊಲ್ಲಾಪುರ, ಹಾಡಿನಲ್ಲಿರುವ ಊರೂ ಹೆಸರೂ ಕೇಳಿ ಕಲಿತದ್ದು, ನನಗೂ ಅದಕ್ಕೂ ಸಂಬಂಧವಿಲ್ಲ. ಅವಳು ತಲೆ ಬಾಚಿ, ಕುಂಕುಮ ಇಟ್ಟು, ಒಳ್ಳೆಯ ಸೀರೆ ಉಟ್ಟು ಬಂದು ಕುರ್ಚಿಯಲ್ಲಿ ಕೂತಳು. ಸೆರಗನ್ನು ಮುಖಕ್ಕೆ ಎಳೆದುಕೊಳ್ಳಲಿಲ್ಲ. ಹಿತೇಶ, 'ಶುರು ಮಾಡಿ ಆಂಟಿ' ಎಂದ.

"ನನ್ನ ಹೆಸರು ಚಂದ್ರವ್ವ," ಎಂದಳು.

ಕಾಶಪ್ಪ ಎದ್ದು ನಿಂತ. ಅವಳು ಅವನ ಕಡೆ ನೋಡದೆ ಮುಂದುವರಿಸಿದಳು. "ಎಳ್ಳಿಹಾಳದಾಕಿ. ಶಂಕ್ರೆಪ್ಪನ ತಂಗಿ. ಪದ ಹಾಡಿದಾಕಿ ನಾನ. ನಾ ಸತ್ತೀನಿ ಅಂತ ಊರಾಗ ಹೇಳ್ಯಾರ, ನಾ ಸತ್ತಿಲ್ಲ. ನಮ್ಮವ್ವ ನಾ ಸತ್ತೆ ಅಂತ ಅತಗೋತ ಹ್ವಾದ್ಲು. ಅಂಜಿಕಿ ಬಿಟ್ಟು ಒಂದು ಫೋನ್ ಮಾಡಿದ್ರ ಆಕಿಗೆ ಗೊತ್ತಾಗತಿತ್ತು. ನಾ ಮಾಡಲಿಲ್ಲ." ಅಷ್ಟು ಹೇಳಿ ಉಸಿರು ತೆಗೆದುಕೊಂಡಳು. "ನಂಗ ಈಗೂ ಅಂಜಿಕಿ ಐತಿ," ಎಂದಳು.

ಹಿತೇಶ ಏನು ಮಾಡಬೇಕೆಂದು ತಿಳಿಯದೆ ನನ್ನ ಮುಖ ನೋಡಿದ. ಇದನ್ನು ಹಾಕಬೇಡ, ಅಳಿಸು ಎಂದು ನಾನು ಕೂಗಿಬಿಟ್ಟೆ. ಅವಳ ಕಾಲು ಹಿಡಿಯಲೂ ತಯಾರಿದ್ದೆ. ಅವರು ಬಂದರೆ ಏನು ಮಾಡುತ್ತೀ, ಮಗಳ ಗತಿ ಏನು ಎಂದು ಕೇಳಿದೆ. "ಶೀಲಕ್ಕಾ, ಸತ್ತಾಕಿ ಅಂತ ನನ್ನ ಬಾಯಿಲೆ ನಾನ ಹ್ಯಾಂಗ ಹೇಳ್ಲಿ," ಎಂದಷ್ಟೇ ಹೇಳಿದಳು. ಕಾಶಪ್ಪ ಕಟ್ಟಿದ ಚೀಲದ ಮೇಲೆ ಕೂತುಬಿಟ್ಟ.

ಕೊನೆಗೆ ಅದನ್ನು ಹಾಕಿದವಳು ಮಾಧುರಿ. ಮಧ್ಯಾಹ್ನದ ಹೊತ್ತಿಗೆ ಎಲ್ಲೆಲ್ಲೋ ಹರಡಿತು. ಹಾಡಿಗೆ ಕುಣಿದವರೇ ಈಗ ಆ ಮುಖವನ್ನೂ ನೋಡುತ್ತಿದ್ದರು. ಹಿತೇಶ ಅಂಜಿಕೊಂಡೇ ಓದಿ ಹೇಳುತ್ತಿದ್ದ. ಕೈಮುಗಿದವರಿದ್ದರು, ತಮ್ಮ ಮನೆಯಲ್ಲೂ ಹೀಗೊಬ್ಬಳು ಸತ್ತವಳಿದ್ದಾಳೆ ಎಂದು ಬರೆದ ಹೆಂಗಸರಿದ್ದರು. ಕೆಲವನ್ನು ಅವನು ಓದದೆ ದಾಟಿಸಿದ. ಅವು ಎಂಥವು ಎಂದು ಅವನ ಮುಖವೇ ಹೇಳುತ್ತಿತ್ತು.

ಸಂಜೆ, ರೊಟ್ಟಿಯ ಗಿರಾಕಿಗಳಿಗೆಲ್ಲ ಗೊತ್ತಿದ್ದ ಕಾಶಪ್ಪನ ಫೋನ್ ರಿಂಗಾಯಿತು. ಗೊತ್ತಿಲ್ಲದ ನಂಬರು. ಅವನು ಅದನ್ನು ಕೈಯಲ್ಲಿ ಹಿಡಿದು ನೋಡುತ್ತಲೇ ಇದ್ದ. ನಿಂತು, ಮತ್ತೆ ರಿಂಗಾಯಿತು. ಎತ್ತಬೇಡಿ ಎಂದು ನಾನು ಪಿಸುಗುಟ್ಟಿದೆ. ಚಂದ್ರವ್ವ ಅವನ ಕೈಯಿಂದ ಫೋನ್ ತೆಗೆದುಕೊಂಡು ಕಿವಿಗಿಟ್ಟಳು.

"ಹೂಂ, ನಾನ ಚಂದ್ರವ್ವ. ಯಾರು ಮಾತಾಡೂದು?"

ಆಚೆಯಿಂದ ಯಾರೂ ಮಾತಾಡಲಿಲ್ಲ. ಯಾರೋ ಉಸಿರಾಡುವುದು ನನ್ನ ಕಿವಿಗೂ ಬಿತ್ತು, ಅದು ಮುದುಕನದೋ ಅವನ ಮಕ್ಕಳದೋ ತಿಳಿಯಲಿಲ್ಲ. ಅವರು ಫೋನ್ ಇಡಲಿಲ್ಲ. ಅವಳೂ ಇಡಲಿಲ್ಲ.